ತೆರಿಗೆ ಕಡಿತವೋ, ಖರ್ಚೋ? ಪ್ಯಾಕೇಜ್ ಜಗಳ ಓದುವ ಬಗೆ

2009ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯಲ್ಲಿದ್ದ ನಮ್ಮ ಭಾವನ ಸಂಬಳ ಕೆಲವು ಡಾಲರ್ ಜಾಸ್ತಿ ಬಂತು. ಅವರು ಗಮನಿಸಲೇ ಇಲ್ಲ. ಫೋನ್ ಮಾಡಿದಾಗಲೆಲ್ಲ, "ಬರೀ ಖರ್ಚು ಕಣೋ ಇವ್ರದ್ದು, ನಮ್ಮಂಥವರಿಗೆ ಒಂದು ಪೈಸೆ ಬರ್ಲಿಲ್ಲ" ಅಂತ ಬೈಯುತ್ತಿದ್ದರು. ಪೈಸೆ ಬಂದಿತ್ತು. ಪೇಸ್ಲಿಪ್‌ನಲ್ಲೇ ಇತ್ತು. ಅದು ಎಲ್ಲಿಂದ ಬಂತು ಅಂತ ಹುಡುಕಲು ಹೋಗಿ ನನಗೆ ಉತ್ತೇಜನ ಪ್ಯಾಕೇಜ್‌ಗಳ ಮಸೂದೆಗಳನ್ನು ಓದುವ ಚಟ ಹತ್ತಿತು.

ಅಮೆರಿಕದಲ್ಲಿ ಆರ್ಥಿಕತೆ ಕುಸಿದಾಗಲೆಲ್ಲ ಒಂದು ಉತ್ತೇಜನ ಪ್ಯಾಕೇಜ್ ಬರುತ್ತದೆ. ಅದರ ಹಿಂದೆಯೇ ಒಂದು ಜಗಳವೂ ಬರುತ್ತದೆ. ರಿಪಬ್ಲಿಕನ್ನರು ತೆರಿಗೆ ಇಳಿಸಿ ಅನ್ನುತ್ತಾರೆ, ಡೆಮಾಕ್ರಟರು ಖರ್ಚು ಮಾಡಿ ಅನ್ನುತ್ತಾರೆ. ಸುದ್ದಿ ಓದುವವರಿಗೆ ಇದು ಹಳೇ ನಾಟಕದ ಮಾತಿನ ಹಾಗೆ ಕೇಳಿಸುತ್ತದೆ, ಅಲ್ವಾ? ಆದರೆ ಒಳಗೆ ನೋಡುವುದು ಕಷ್ಟವಲ್ಲ. 2009ರ ಮಸೂದೆಯನ್ನೇ ಮುಂದಿಟ್ಟುಕೊಂಡು ನಾನು ಹೇಗೆ ಓದುತ್ತೇನೆ ಅಂತ ಹೇಳುತ್ತೇನೆ. ಅಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇಲ್ಲಿರುವವರು ಮುಂದಿನ ಪ್ಯಾಕೇಜ್ ಘೋಷಣೆಯ ದಿನ ಇದನ್ನು ನೆನಪಿಸಿಕೊಳ್ಳಬಹುದು.

ಮೊದಲು ಸನ್ನಿವೇಶ. 2008ರ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ಮುಳುಗಿತು. ಡಿಸೆಂಬರ್ ಹೊತ್ತಿಗೆ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರ ತಂದು ನಿಲ್ಲಿಸಿತು, ಇನ್ನು ಇಳಿಸಲು ಜಾಗವಿರಲಿಲ್ಲ. 2009ರ ಜನವರಿ ಒಂದೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಕೆಲಸ ಹೋದವು. ಇನ್ನು ಉಳಿದದ್ದು ಸರ್ಕಾರದ ಖಜಾನೆ. ಫೆಬ್ರುವರಿ 17ರಂದು ಡೆನ್ವರ್‌ನಲ್ಲಿ ಬರಾಕ್ ಒಬಾಮ ಈ ಮಸೂದೆಗೆ ಸಹಿ ಹಾಕಿದರು. ಅಂದಾಜು ಮೊತ್ತ 787 ಬಿಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ 78,700 ಕೋಟಿ ಡಾಲರ್.

ಹಂತ 1: ದೊಡ್ಡ ಸಂಖ್ಯೆಯನ್ನು ಒಡೆಯಿರಿ

ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ತೆರಿಗೆ ಕಡಿತ ಎಷ್ಟು? ಜನರಿಗೂ ರಾಜ್ಯಗಳಿಗೂ ಈಗಾಗಲೇ ಇರುವ ಯೋಜನೆಗಳ ಮೂಲಕ ಹೋಗುವ ನೆರವು ಎಷ್ಟು? ಹೊಸ ಕಾಮಗಾರಿ, ಗುತ್ತಿಗೆ, ಅನುದಾನ ಎಷ್ಟು? 2009ರಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ ಹೀಗಿತ್ತು: ತೆರಿಗೆ ಕಡಿತ 288 ಬಿಲಿಯನ್, ನಿರುದ್ಯೋಗ ಭತ್ಯೆ, ಬಡವರ ವೈದ್ಯಕೀಯ ನೆರವಾದ ಮೆಡಿಕೇಡ್ ಇಂಥವುಗಳಿಗೆ 224 ಬಿಲಿಯನ್, ಗುತ್ತಿಗೆ, ಅನುದಾನ, ಸಾಲಕ್ಕೆ 275 ಬಿಲಿಯನ್.

ಇಷ್ಟು ಬರೆದ ತಕ್ಷಣ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. "ಬರೀ ಖರ್ಚಿನ ಮಸೂದೆ" ಅಂತ ವಿರೋಧಿಗಳು ಬೈದ ಮಸೂದೆಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆರಿಗೆ ಕಡಿತವೇ ಇತ್ತು. "ರಸ್ತೆ, ಸೇತುವೆ ಕಟ್ಟುವ ಮಸೂದೆ" ಅಂತ ಹೊಗಳಿದವರ ಕಡೆ ನೋಡಿದರೆ, ಸಾರಿಗೆಗೆ ಇಟ್ಟದ್ದು 48 ಬಿಲಿಯನ್ ಆಸುಪಾಸು. ಇಬ್ಬರ ಮಾತಿಗೂ ಮಸೂದೆಗೂ ಹೊಂದಿಕೆಯೇ ಇರಲಿಲ್ಲ.

ಆಮೇಲೆ, ಪ್ಯಾಕೇಜ್ ಇಲ್ಲದಿದ್ದರೂ ಆಗುತ್ತಿದ್ದ ಕೆಲಸ ಯಾವುದು ಅಂತ ಹುಡುಕಿ. ಅಮೆರಿಕದಲ್ಲಿ ಆಗ ಎಎಂಟಿ ಎಂಬ ಪರ್ಯಾಯ ಕನಿಷ್ಠ ತೆರಿಗೆಯ ಮಿತಿ ಬೆಲೆಯೇರಿಕೆಗೆ ತಕ್ಕಂತೆ ತಾನಾಗಿ ಏರುತ್ತಿರಲಿಲ್ಲ. ಆ ತೆರಿಗೆ ಮಧ್ಯಮ ವರ್ಗದ ಮೇಲೆ ಬೀಳದಂತೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ವರ್ಷವರ್ಷವೂ ತೇಪೆ ಹಾಕುತ್ತಿತ್ತು. ಆ ವರ್ಷದ ತೇಪೆಯನ್ನು ಈ ಮಸೂದೆಯೊಳಗೆ ತುರುಕಿದರು. ಸುಮಾರು 70 ಬಿಲಿಯನ್! ಹೇಗಿದ್ದರೂ ಕೊಡಬೇಕಿದ್ದ ವಿನಾಯಿತಿ ಅದು. ಅದರಿಂದ ಯಾರ ಕೈಗೂ ಹೊಸದಾಗಿ ಒಂದು ಡಾಲರ್ ಬರಲಿಲ್ಲ. ಆದರೂ ಉತ್ತೇಜನದ ಲೆಕ್ಕಕ್ಕೆ ಸೇರಿತು.

ನಮ್ಮಲ್ಲೂ ಇದೇ ಕಥೆ. 2020ರ ಮೇನಲ್ಲಿ ಘೋಷಿಸಿದ 20 ಲಕ್ಷ ಕೋಟಿ ರೂಪಾಯಿ ಪ್ಯಾಕೇಜ್‌ನಲ್ಲಿ ಸುಮಾರು 8 ಲಕ್ಷ ಕೋಟಿ ರಿಸರ್ವ್ ಬ್ಯಾಂಕಿನ ಕ್ರಮಗಳದ್ದು. ಅದು ಬಜೆಟ್ಟಿನಿಂದ ಹೋದ ಹಣವಲ್ಲ. ಮೊತ್ತ ಕೇಳಿ ಬಾಯಿ ತೆರೆಯುವ ಮೊದಲು ಒಡೆದು ನೋಡಿ.

ಹಂತ 2: ಹೆಸರಿಗೆ ಮರುಳಾಗಬೇಡಿ

ಭಾವನ ಪೇಸ್ಲಿಪ್‌ಗೆ ಬಂದದ್ದು "ಮೇಕಿಂಗ್ ವರ್ಕ್ ಪೇ" ಎಂಬ ತೆರಿಗೆ ರಿಯಾಯಿತಿ. ಒಬ್ಬರಿಗೆ ವರ್ಷಕ್ಕೆ 400 ಡಾಲರ್, ದಂಪತಿಗೆ 800 ಡಾಲರ್ ತನಕ, 2009 ಮತ್ತು 2010ಕ್ಕೆ. ಆದಾಯ ತೆರಿಗೆಯನ್ನೇ ಕಟ್ಟದಷ್ಟು ಕಡಿಮೆ ದುಡಿಯುವವರಿಗೂ ಅದು ಸಿಗುತ್ತಿತ್ತು. ರಿಪಬ್ಲಿಕನ್ನರು ಇಲ್ಲೇ ಹಿಡಿದುಕೊಂಡರು: ತೆರಿಗೆ ಕಟ್ಟದವರಿಗೆ ಕೊಡುವುದು ತೆರಿಗೆ ಕಡಿತ ಹೇಗಾಗುತ್ತದೆ, ಅದು ಖರ್ಚೇ ತಾನೆ? ಡೆಮಾಕ್ರಟರ ಉತ್ತರವೂ ಸರಿಯಾಗಿಯೇ ಇತ್ತು: ಅವರು ಆದಾಯ ತೆರಿಗೆ ಕಟ್ಟದಿರಬಹುದು, ಆದರೆ ಪ್ರತಿ ಸಂಬಳದಲ್ಲೂ ಪಿಂಚಣಿ ಯೋಜನೆಯಾದ ಸೋಷಿಯಲ್ ಸೆಕ್ಯುರಿಟಿಯ ತೆರಿಗೆ ಕಟ್ಟುತ್ತಾರೆ. ಆ ತೆರಿಗೆ ಸಂಬಳದ ಶೇ 6.2. ಈ ರಿಯಾಯಿತಿಯ ದರವೂ ಕರಾರುವಾಕ್ಕಾಗಿ ಶೇ 6.2. ಮಸೂದೆ ಬರೆದವರು ವಾದವನ್ನು ಅಂಕಿಯೊಳಗೇ ಇಟ್ಟಿದ್ದರು.

ಉಲ್ಟಾ ಉದಾಹರಣೆಯೂ ಇದೆ. ಗಾಳಿ, ಸೌರ ವಿದ್ಯುತ್ ಘಟಕಗಳಿಗೆ ಮೊದಲಿನಿಂದಲೂ ತೆರಿಗೆ ರಿಯಾಯಿತಿ ಇತ್ತು. ಆದರೆ 2009ರಲ್ಲಿ ಎಲ್ಲರಿಗೂ ನಷ್ಟ. ಲಾಭವೇ ಇಲ್ಲದವರು ತೆರಿಗೆ ರಿಯಾಯಿತಿ ಇಟ್ಟುಕೊಂಡು ಏನು ಮಾಡಬೇಕು? ಹಾಗಾಗಿ ರಿಯಾಯಿತಿ ಬೇಡವೆಂದವರಿಗೆ ವೆಚ್ಚದ ಶೇ 30ರಷ್ಟನ್ನು ನಗದಾಗಿಯೇ ಕೊಡುವ ಏರ್ಪಾಡು ಮಾಡಿದರು. ಅದೇ ಘಟಕ, ಅದೇ ಅನುಕೂಲ. ಒಂದು ದಾರಿಯಲ್ಲಿ ಬಂದರೆ "ತೆರಿಗೆ ಕಡಿತ", ಇನ್ನೊಂದು ದಾರಿಯಲ್ಲಿ ಬಂದರೆ "ಖರ್ಚು".

ನನಗೆ ಎಲ್ಲಕ್ಕಿಂತ ತಮಾಷೆ ಅನ್ನಿಸುವುದು ಮನೆ ಕೊಳ್ಳುವವರ ರಿಯಾಯಿತಿ. 2008ರಲ್ಲಿ ಮೊದಲ ಮನೆ ಕೊಂಡವರಿಗೆ 7,500 ಡಾಲರ್ ತನಕ "ತೆರಿಗೆ ರಿಯಾಯಿತಿ" ಕೊಟ್ಟರು. ಅದನ್ನು 15 ವರ್ಷಗಳಲ್ಲಿ ವಾಪಸ್ ಕಟ್ಟಬೇಕಿತ್ತು. ಅಂದರೆ ಬಡ್ಡಿಯಿಲ್ಲದ ಸಾಲ! 2009ರ ಮಸೂದೆ ಅದನ್ನು 8,000 ಡಾಲರ್‌ಗೆ ಏರಿಸಿ, ವಾಪಸ್ ಕೊಡಬೇಕಿಲ್ಲ ಅಂದಿತು. 2008ರ ಕೊನೆಯಲ್ಲಿ ಕೊಂಡವರ ಹೊಟ್ಟೆ ಉರಿದಿರಬೇಕು.

ಹಾಗಾಗಿ ಪಟ್ಟಿಯಲ್ಲಿ ಪ್ರತಿ ಸಾಲಿನ ಎದುರು ಪಕ್ಷದವರು ಇಟ್ಟ ಹೆಸರಿನ ಬದಲು ಇಷ್ಟು ಬರೆಯಿರಿ: ಹಣ ಯಾರ ಕೈಗೆ ಬರುತ್ತದೆ, ಯಾವ ರೂಪದಲ್ಲಿ, ವಾಪಸ್ ಕೊಡಬೇಕಾ.

ಹಂತ 3: ಕೈಗೆ ಬಂದವರು ಅದನ್ನು ಖರ್ಚು ಮಾಡುತ್ತಾರಾ?

ಜಗಳದ ತಿರುಳು ಇಲ್ಲೇ ಇರೋದು. ಕೆಲಸ ಕಳೆದುಕೊಂಡವನ ಕೈಗೆ ನೂರು ಡಾಲರ್ ಬಂದರೆ ಅದು ಆ ವಾರವೇ ದಿನಸಿ ಅಂಗಡಿಗೆ ಹೋಗುತ್ತದೆ. ಒಳ್ಳೆ ಸಂಬಳದವನ ಕೈಗೆ ಬಂದರೆ ಕ್ರೆಡಿಟ್ ಕಾರ್ಡ್ ಬಾಕಿಗೋ ಉಳಿತಾಯಕ್ಕೋ ಹೋಗುತ್ತದೆ. ಅವನಿಗೆ ಒಳ್ಳೇದೇ, ಆದರೆ ಅಂಗಡಿಗೆ ವ್ಯಾಪಾರ ಆಗಲಿಲ್ಲ. ಸರ್ಕಾರ ಹಾಕಿದ ಒಂದು ಡಾಲರ್ ಎಷ್ಟು ಡಾಲರ್ ವಹಿವಾಟು ಹುಟ್ಟಿಸುತ್ತದೆ ಅನ್ನುವುದನ್ನು ಅರ್ಥಶಾಸ್ತ್ರದವರು ಗುಣಕ ಅನ್ನುತ್ತಾರೆ.

ಮೂಡೀಸ್ ಸಂಸ್ಥೆಯ ಮಾರ್ಕ್ ಜಾಂಡಿ ಕೊಟ್ಟ ಪಟ್ಟಿಯನ್ನು ಡೆಮಾಕ್ರಟರು ಎಲ್ಲೆಡೆ ಹಿಡಿದುಕೊಂಡು ಓಡಾಡಿದರು. ಬಡವರ ಆಹಾರ ನೆರವಾದ ಫುಡ್ ಸ್ಟ್ಯಾಂಪ್‌ಗೆ ಹಾಕಿದ ಡಾಲರ್‌ಗೆ 1.73 ಡಾಲರ್ ವಹಿವಾಟು, ಕಂಪನಿ ತೆರಿಗೆ ದರ ಇಳಿಸಿದರೆ ಬರೀ 30 ಸೆಂಟ್. ಜಾಂಡಿ 2008ರ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್‌ಗೆ ಸಲಹೆ ಕೊಟ್ಟವರು. ಅದೂ ಡೆಮಾಕ್ರಟರಿಗೆ ಅನುಕೂಲವಾಯಿತು.

ರಿಪಬ್ಲಿಕನ್ನರ ಕೈಯಲ್ಲೂ ಒಳ್ಳೇ ಅಸ್ತ್ರ ಇತ್ತು. ಅದೂ ಒಬಾಮ ಅವರ ಆರ್ಥಿಕ ಸಲಹಾ ಮಂಡಳಿಯ ಮುಖ್ಯಸ್ಥೆ ಕ್ರಿಸ್ಟಿನಾ ರೋಮರ್ ಅವರದ್ದೇ! ಅವರು ಗಂಡ ಡೇವಿಡ್ ರೋಮರ್ ಜೊತೆ ಮಾಡಿದ್ದ ಅಧ್ಯಯನದಲ್ಲಿ ತೆರಿಗೆ ಬದಲಾವಣೆಯ ಗುಣಕ 3ರ ಆಸುಪಾಸು ಬಂದಿತ್ತು. "ನಿಮ್ಮ ಸಲಹೆಗಾರರೇ ಹೇಳಿದ್ದಾರಲ್ಲ" ಅಂತ ರಿಪಬ್ಲಿಕನ್ನರು ಚುಚ್ಚಿದರು. ಆದರೆ ಅಧ್ಯಯನ ನೋಡಿದ್ದು ಹಿಂಜರಿತಕ್ಕೆ ಮದ್ದಾಗಿ ತಂದಿರದ ತೆರಿಗೆ ಬದಲಾವಣೆಗಳನ್ನು. 2009ರ ತುರ್ತು ಕಡಿತವನ್ನು ಅದೇ ಅಳತೆಗೋಲಿನಿಂದ ಅಳೆಯಬಹುದಾ ಅನ್ನುವುದು ಬೇರೆ ಪ್ರಶ್ನೆ. ಒಂದು ಅಂಕಿಯನ್ನು ಎದುರಾಳಿಯ ಮೇಲೆ ಎಸೆಯುವ ಮೊದಲು ಅದು ಯಾವ ಪ್ರಶ್ನೆಗೆ ಉತ್ತರ ಅಂತ ನೋಡಬೇಕು. ಎರಡೂ ಕಡೆಯವರು ಅದನ್ನು ಮಾಡಲಿಲ್ಲ.

ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಟೇಲರ್ ಅವರ ಆಕ್ಷೇಪ ನನಗೆ ಹೆಚ್ಚು ತೂಕದ್ದು ಅನ್ನಿಸುತ್ತದೆ. ಒಂದೆರಡು ವರ್ಷಕ್ಕೆ ಮಾತ್ರ ಬರುವ ಹಣ ನೋಡಿ ಜನ ತಮ್ಮ ಜೀವನದ ಲೆಕ್ಕ ಬದಲಿಸಿಕೊಳ್ಳುವುದಿಲ್ಲ ಅನ್ನುವುದು ಅವರ ವಾದ. 2008ರಲ್ಲಿ ಜಾರ್ಜ್ ಬುಷ್ ಒಬ್ಬರಿಗೆ 600 ಡಾಲರ್ ತನಕ ಚೆಕ್ ಕಳಿಸಿದ್ದರು. ದೊಡ್ಡ ಪಾಲು ಉಳಿತಾಯಕ್ಕೂ ಸಾಲ ತೀರಿಸಲಿಕ್ಕೂ ಹೋಯಿತು. ಆದರೆ ಈ ವಾದ ಎರಡು ಅಲಗಿನ ಕತ್ತಿ. ತಾತ್ಕಾಲಿಕ ಚೆಕ್ ಕೆಲಸ ಮಾಡಲ್ಲ ಅಂದರೆ ತಾತ್ಕಾಲಿಕ ತೆರಿಗೆ ಕಡಿತವೂ ಮಾಡಲ್ಲ. ಕಡಿತವನ್ನು ಶಾಶ್ವತ ಮಾಡಿದರೆ ಕೊರತೆಯೂ ಶಾಶ್ವತ.

2008ರ ಈ ಪಾಠದಿಂದಲೇ ಒಬಾಮ ತಂಡ ಚೆಕ್ ಬಿಟ್ಟು, ನಮ್ಮ ಟಿಡಿಎಸ್ ಥರ ಸಂಬಳದಲ್ಲೇ ಹಿಡಿಯುವ ತೆರಿಗೆಯನ್ನು ಸ್ವಲ್ಪ ಕಡಿಮೆ ಮಾಡಿತು. ವಾರಕ್ಕೆ ಹತ್ತು ಡಾಲರ್ ಆಸುಪಾಸು ಸದ್ದಿಲ್ಲದೆ ಬಂದರೆ ಜನ ಖರ್ಚು ಮಾಡಿಬಿಡುತ್ತಾರೆ ಅನ್ನುವ ಯೋಚನೆ. ಅರ್ಥಶಾಸ್ತ್ರಕ್ಕೆ ಜಾಣತನ, ರಾಜಕೀಯಕ್ಕೆ ಪೆದ್ದುತನ. 2010ರ ಫೆಬ್ರುವರಿಯಲ್ಲಿ ಸಿಬಿಎಸ್ ಮತ್ತು ನ್ಯೂಯಾರ್ಕ್ ಟೈಮ್ಸ್ ಸಮೀಕ್ಷೆ ಕೇಳಿದಾಗ, ಒಬಾಮ ತೆರಿಗೆ ಇಳಿಸಿದ್ದಾರೆ ಅಂದವರು ಶೇ 12 ಮಾತ್ರ. ಏರಿಸಿದ್ದಾರೆ ಅಂದವರು ಅದರ ಎರಡರಷ್ಟು. ನಮ್ಮ ಭಾವ ಒಬ್ಬರೇ ಅಲ್ಲ ಬಿಡಿ.

ಹಂತ 4: ಯಾವ ತಿಂಗಳಿಗೆ?

ಪ್ರತಿ ಸಾಲಿಗೂ ಒಂದು ದಿನಾಂಕ ಬೇಕು. ಇದಕ್ಕೆ ಕಾಂಗ್ರೆಷನಲ್ ಬಜೆಟ್ ಆಫೀಸ್, ಅಂದರೆ ಸಿಬಿಒ, ಕೊಡುವ ಕೋಷ್ಟಕವನ್ನೇ ನೋಡಿ. ಅದು ಯಾವ ಪಕ್ಷದ್ದೂ ಅಲ್ಲ. ವರದಿಗಳು ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಯಾವ ವರ್ಷ ಎಷ್ಟು ಹಣ ಖಜಾನೆಯಿಂದ ಹೊರಗೆ ಹೋಗುತ್ತದೆ ಅಂತ ಅದರಲ್ಲಿ ಸಾಲಾಗಿ ಇರುತ್ತದೆ. 2009ರ ಮಸೂದೆಯ ಮುಕ್ಕಾಲು ಪಾಲು 2010ರ ಸೆಪ್ಟೆಂಬರ್ ಒಳಗೆ ಹೊರಗೆ ಬರುತ್ತದೆ ಅನ್ನುವುದು ಅದರ ಅಂದಾಜು.

ಹಿಂದೆ ಬಿದ್ದದ್ದು ಕಾಮಗಾರಿಗಳು. "ಗುದ್ದಲಿ ಹಾಕಲು ತಯಾರು" ಅಂತ ಹೇಳಿದ್ದ ಯೋಜನೆಗಳು ಅಂದುಕೊಂಡಷ್ಟು ತಯಾರಿರಲಿಲ್ಲ ಅಂತ ಒಬಾಮ ಅವರೇ 2011ರಲ್ಲಿ ನಗುತ್ತಾ ಒಪ್ಪಿಕೊಂಡರು. ಟೆಂಡರ್, ಪರಿಸರ ಅನುಮತಿ, ಜಾಗದ ತಕರಾರು ಎಲ್ಲ ಊರಲ್ಲೂ ಒಂದೇ. ವೇಗದ ರೈಲಿಗೆ 8 ಬಿಲಿಯನ್ ಇಟ್ಟಿದ್ದರು. ವಿಸ್ಕಾನ್ಸಿನ್, ಒಹಾಯೊ, ಫ್ಲಾರಿಡಾಗಳ ಹೊಸ ರಿಪಬ್ಲಿಕನ್ ಗವರ್ನರ್‌ಗಳು ತಮ್ಮ ಪಾಲಿನ ಹಣವೇ ಬೇಡ ಅಂದರು. ಕ್ಯಾಲಿಫೋರ್ನಿಯಾ ತೆಗೆದುಕೊಂಡಿತು. ಅಲ್ಲಿ ಆ ರೈಲು ಇನ್ನೂ ಓಡಿಲ್ಲ.

ಬೇಗ ಕೆಲಸ ಮಾಡಿದ ಹಣ ಯಾವುದು ಗೊತ್ತಾ? ಯಾರೂ ಭಾಷಣದಲ್ಲಿ ಹೇಳದ ರಾಜ್ಯಗಳ ನೆರವು. ವರ್ಮಾಂಟ್ ಒಂದನ್ನು ಬಿಟ್ಟು ಅಮೆರಿಕದ ರಾಜ್ಯಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಬಜೆಟ್ ಸರಿದೂಗಿಸಲೇಬೇಕು. ಕರ್ನಾಟಕ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿಯೊಳಗೆ ಸಾಲ ಮಾಡಿ ದಿನ ದೂಡಬಹುದು. ಅಲ್ಲಿ ದಿನದ ಖರ್ಚಿಗೆ ಹಾಗೆ ಸಾಲ ಎತ್ತುವುದು ಸುಲಭವಲ್ಲ. ತೆರಿಗೆ ಬರುವುದು ನಿಂತರೆ ಶಿಕ್ಷಕರನ್ನು, ಪೊಲೀಸರನ್ನು ಮನೆಗೆ ಕಳಿಸಬೇಕು. ಮೆಡಿಕೇಡ್‌ಗೆ ಸುಮಾರು 87 ಬಿಲಿಯನ್, ಶಿಕ್ಷಣವೇ ಮುಖ್ಯವಾದ ರಾಜ್ಯ ನಿಧಿಗೆ 53.6 ಬಿಲಿಯನ್ ಕೊಟ್ಟಿದ್ದರಿಂದ ಆ ಕೆಲಸಗಳು ಸ್ವಲ್ಪ ಕಾಲ ಉಳಿದವು. ಉಳಿದ ಕೆಲಸಕ್ಕೆ ಟೇಪ್ ಕತ್ತರಿಸುವ ಸಮಾರಂಭ ಇರುವುದಿಲ್ಲ, ಫೋಟೊ ಬರುವುದಿಲ್ಲ. ಹಾಗಾಗಿ ಚೌಕಾಸಿಯಲ್ಲಿ ಮೇಲ್ಮನೆಯಾದ ಸೆನೆಟ್ ಮೊದಲು ಕತ್ತರಿ ಹಾಕಿದ್ದೂ ಇದಕ್ಕೇ. ನನ್ನ ಕೇಳಿದರೆ ಅದು ಆ ಮಸೂದೆಯ ದೊಡ್ಡ ತಪ್ಪು.

ಹಂತ 5: ವೋಟಿನ ಲೆಕ್ಕವನ್ನು ಕಥೆಯ ಹಾಗೆ ಓದಿ

ಜನವರಿ 28ರಂದು ಕೆಳಮನೆಯಲ್ಲಿ 244–188. ಒಬ್ಬ ರಿಪಬ್ಲಿಕನ್ ಕೂಡ ಹೌದು ಅನ್ನಲಿಲ್ಲ. 11 ಡೆಮಾಕ್ರಟರು ಬೇಡ ಅಂದರು. ಸೆನೆಟ್‌ನಲ್ಲಿ ಕಥೆ ಬೇರೆ. ಅಲ್ಲಿ ಚರ್ಚೆ ಮುಗಿಸಿ ಮುಂದೆ ಹೋಗಲು 60 ವೋಟು ಬೇಕು, ಡೆಮಾಕ್ರಟರ ಹತ್ತಿರ ಅಷ್ಟಿರಲಿಲ್ಲ. ಹೀಗಿರುವಾಗ ಮಸೂದೆಯ ನಿಜವಾದ ಲೇಖಕರು ಯಾರು? 60ನೆಯ ವೋಟು ಯಾರ ಕೈಯಲ್ಲಿದೆಯೋ ಅವರು. ಇಲ್ಲಿ ಮೂವರು ರಿಪಬ್ಲಿಕನ್ನರು: ಮೇನ್ ರಾಜ್ಯದ ಸೂಸನ್ ಕಾಲಿನ್ಸ್ ಮತ್ತು ಒಲಿಂಪಿಯಾ ಸ್ನೋ, ಪೆನ್ಸಿಲ್ವೇನಿಯಾದ ಆರ್ಲೆನ್ ಸ್ಪೆಕ್ಟರ್. ಕೊನೆಯ ಮೊತ್ತ 800 ಬಿಲಿಯನ್ ಕೆಳಗೆ ನಿಂತದ್ದು ಇವರಿಂದ. ಕ್ಯಾನ್ಸರ್ ಎದುರಿಸಿದ್ದ ಸ್ಪೆಕ್ಟರ್ ವೈದ್ಯಕೀಯ ಸಂಶೋಧನೆಗೆ 10 ಬಿಲಿಯನ್ ಹಾಕಿಸಿಕೊಂಡರು. ಏಪ್ರಿಲ್‌ನಲ್ಲಿ ಅವರು ಡೆಮಾಕ್ರಟಿಕ್ ಪಕ್ಷಕ್ಕೇ ಸೇರಿದರು.

ಫೆಬ್ರುವರಿ 13ರ ರಾತ್ರಿ ಕೊನೆಯ ವೋಟು. ಡೆಮಾಕ್ರಟ್ ಎಡ್ವರ್ಡ್ ಕೆನಡಿ ಕಾಯಿಲೆಯಿಂದ ಬರಲಾಗಲಿಲ್ಲ. ಒಹಾಯೊದ ಡೆಮಾಕ್ರಟ್ ಶೆರೋಡ್ ಬ್ರೌನ್ ತೀರಿಕೊಂಡ ತಾಯಿಯ ಕಾರ್ಯಕ್ಕೆ ಊರಿಗೆ ಹೋಗಿದ್ದರು. ಸೆನೆಟ್ ಗಂಟೆಗಟ್ಟಲೆ ಮತದಾನ ಮುಗಿಸದೆ ಕಾಯಿತು. ಬ್ರೌನ್ ವಿಮಾನದಲ್ಲಿ ಬಂದು ವೋಟು ಹಾಕಿದ ಮೇಲೆ 60–38 ಆಯಿತು.

"ಬೇಡ" ಅಂದವರೆಲ್ಲ ಒಂದೇ ಕಾರಣಕ್ಕೆ ಬೇಡ ಅಂದಿರುವುದಿಲ್ಲ, ಅದನ್ನೂ ನೋಡಿ. ಒರೆಗಾನ್‌ನ ಡೆಮಾಕ್ರಟ್ ಪೀಟರ್ ಡಿಫೇಜಿಯೊ ಕೊನೆಯ ಮಸೂದೆಗೆ ಬೇಡ ಅಂದರು. ಯಾಕೆ? ತೆರಿಗೆ ಕಡಿತ ಜಾಸ್ತಿಯಾಯಿತು, ರಸ್ತೆ ಸೇತುವೆಗೆ ಕಡಿಮೆಯಾಯಿತು ಅಂತ. ಅವರ ವೋಟು ಬಿದ್ದದ್ದು ರಿಪಬ್ಲಿಕನ್ನರ ಪಕ್ಕದ ಸಾಲಿನಲ್ಲಿ.

ಹಂತ 6: ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದಾರೆ?

2009ರ ಜನವರಿಯಲ್ಲಿ ಒಬಾಮ ತಂಡದ ರೋಮರ್ ಮತ್ತು ಜೇರೆಡ್ ಬರ್ನ್‌ಸ್ಟೀನ್ ನಿರುದ್ಯೋಗದ ಅಂದಾಜಿನ ಒಂದು ನಕ್ಷೆ ಬಿಟ್ಟರು. ಪ್ಯಾಕೇಜ್ ಇದ್ದರೆ ನಿರುದ್ಯೋಗ ಶೇ 8ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಇಲ್ಲದಿದ್ದರೆ ಶೇ 9ಕ್ಕೆ ಹೋಗುತ್ತದೆ ಅಂತ. ಅಕ್ಟೋಬರ್‌ನಲ್ಲಿ ಅದು ಶೇ 10 ಮುಟ್ಟಿತು. ಪ್ಯಾಕೇಜ್ ಇದ್ದೂ, ಇಲ್ಲದಿದ್ದರೆ ಅಂದಿದ್ದಕ್ಕಿಂತ ಮೇಲೆ! ಆ ನಕ್ಷೆ ರಿಪಬ್ಲಿಕನ್ನರಿಗೆ ಹಬ್ಬದೂಟವಾಯಿತು.

ಆದರೆ ನಕ್ಷೆ ಬರೆದಾಗ ಕೈಯಲ್ಲಿದ್ದ ಅಂಕಿಗಳೇ ಹುಸಿಯಾಗಿದ್ದವು. 2008ರ ಕೊನೆಯ ಮೂರು ತಿಂಗಳಲ್ಲಿ ಆರ್ಥಿಕತೆ ವಾರ್ಷಿಕ ಲೆಕ್ಕದಲ್ಲಿ ಶೇ 3.8 ಕುಗ್ಗಿತು ಅಂತ ಮೊದಲು ಪ್ರಕಟವಾಯಿತು. ವರ್ಷಗಳ ಮೇಲೆ ತಿದ್ದಿದಾಗ ಅದು ಶೇ 8ಕ್ಕೂ ಮೇಲೆ ಹೋಯಿತು. ಹಳ್ಳ ಇಷ್ಟು ಆಳ ಅಂತ ಗೊತ್ತಿಲ್ಲದೆ ಏಣಿ ಕೊಂಡ ಹಾಗೆ.

2010ರ ಮೂರನೇ ತ್ರೈಮಾಸಿಕದಲ್ಲಿ ಈ ಕಾಯ್ದೆಯಿಂದ 14 ಲಕ್ಷದಿಂದ 36 ಲಕ್ಷ ಹೆಚ್ಚು ಜನ ಕೆಲಸದಲ್ಲಿದ್ದರು ಅಂತ ಸಿಬಿಒ ಅಂದಾಜು ಮಾಡಿತು. ಆ ಎರಡು ಅಂಕಿಗಳ ನಡುವಿನ ಅಂತರ ನೋಡಿ. ಅದೂ ಅಲ್ಲದೆ ಈ ಅಂದಾಜು ಬಹುಪಾಲು ಮೊದಲೇ ಇಟ್ಟುಕೊಂಡ ಗುಣಕಗಳಿಂದ ಬಂದದ್ದು, ತಲೆ ಎಣಿಸಿದ್ದಲ್ಲ. "ಇಷ್ಟು ಲಕ್ಷ ಕೆಲಸ ಉಳಿಸಿದೆವು" ಅಂತ ಯಾವ ಪಕ್ಷ ಒಂದೇ ಅಂಕಿ ಹೇಳಿದರೂ ನಾನು ಪಕ್ಕಕ್ಕಿಡುತ್ತೇನೆ.

ಹಂತ 7: ಸಣ್ಣಕ್ಷರ, ಅದರಲ್ಲೂ ವೀಸಾದವರು

ನೂರಾರು ಪುಟದ ಮಸೂದೆಯಲ್ಲಿ ನಮ್ಮವರಿಗೆ ತಟ್ಟಿದ್ದು ಒಂದು ಪುಟ್ಟ ಕಲಮು. ಕುಸಿತದಿಂದ ಪಾರುಮಾಡಲು ಸರ್ಕಾರ ಇಟ್ಟ ನಿಧಿಯಿಂದ ಹಣ ಪಡೆದ ಬ್ಯಾಂಕುಗಳು ಹೊಸದಾಗಿ ಎಚ್-1ಬಿ ವೀಸಾದವರನ್ನು ತೆಗೆದುಕೊಳ್ಳುವ ಮೊದಲು ಅಮೆರಿಕದವರನ್ನು ಹುಡುಕಿ ನೋಡಿರಬೇಕು ಅಂತ. ಎರಡು ವರ್ಷದ ಮಟ್ಟಿಗೆ. ತಂದವರು ಎಡಪಂಥದ ಬರ್ನಿ ಸ್ಯಾಂಡರ್ಸ್ ಮತ್ತು ರಿಪಬ್ಲಿಕನ್ ಚಕ್ ಗ್ರಾಸ್ಲಿ. ತೆರಿಗೆ, ಖರ್ಚಿನಲ್ಲಿ ಕಚ್ಚಾಡುವವರು ಇಲ್ಲಿ ಒಂದಾದರು. ಗ್ರಾಸ್ಲಿ ತಮ್ಮ ಕಲಮು ಸೇರಿಸಿ, ಕೊನೆಗೆ ಇಡೀ ಮಸೂದೆಗೆ ಬೇಡ ಅಂತ ವೋಟು ಹಾಕಿದರು.

ಇನ್ನೊಂದು ಸೋಷಿಯಲ್ ಸೆಕ್ಯುರಿಟಿ ನಂಬರಿನ ವಿಷಯ. 2008ರ ಚೆಕ್‌ಗೆ ಜಂಟಿ ರಿಟರ್ನ್ ಹಾಕಿದ ಗಂಡ ಹೆಂಡತಿ ಇಬ್ಬರಿಗೂ ಆ ನಂಬರ್ ಇರಬೇಕಿತ್ತು. ಸಂಗಾತಿಗೆ ಕೊಡುವ ಎಚ್-4 ವೀಸಾದಲ್ಲಿ ಹೋಗಿ ಬರೀ ತೆರಿಗೆ ನಂಬರ್ ಇಟ್ಟುಕೊಂಡಿದ್ದ ಹೆಂಡತಿಯಿಂದಾಗಿ ಗಂಡನಿಗೂ ಚೆಕ್ ಬರಲಿಲ್ಲ. 2009ರಲ್ಲಿ ಒಬ್ಬರಿಗಿದ್ದರೆ ಸಾಕು ಅಂದರು. 2020ರ ಮೊದಲ ಕೋವಿಡ್ ಚೆಕ್‌ಗೆ ಮತ್ತೆ ಇಬ್ಬರಿಗೂ ಬೇಕಾಯಿತು. ಆ ಡಿಸೆಂಬರ್‌ನಲ್ಲಿ ತಿದ್ದಿದರು. ಮಸೂದೆ ಬಂದ ದಿನವೇ ಹುಡುಕಬೇಕಾದ ಸಾಲು ಇದು: ಯಾರಿಗೆ ಅರ್ಹತೆ, ಯಾವ ನಂಬರ್ ಬೇಕು.

ಹಂತ 8: ಕುರ್ಚಿ ಬದಲಿಸಿ ನೋಡಿ

ಇದು ಎರಡು ನಿಮಿಷದ ಕೆಲಸ. 2008ರಲ್ಲಿ ಬುಷ್ ಚೆಕ್ ಕೊಟ್ಟಾಗ ಕೆಳಮನೆಯಲ್ಲಿ 385–35. 2009ರಲ್ಲಿ ಅದೇ ಮನೆಯಲ್ಲಿ ರಿಪಬ್ಲಿಕನ್ ವೋಟು ಸೊನ್ನೆ. 2017ರ ಟ್ರಂಪ್ ತೆರಿಗೆ ಕಡಿತಕ್ಕೆ ಡೆಮಾಕ್ರಟರ ವೋಟು ಸೊನ್ನೆ. 2020ರ ಮಾರ್ಚ್‌ನಲ್ಲಿ ಟ್ರಂಪ್ ಕಾಲದ ಕೋವಿಡ್ ಪ್ಯಾಕೇಜ್ ಸೆನೆಟ್‌ನಲ್ಲಿ 96–0. ಮರುವರ್ಷ ಬೈಡನ್ ಅವರ 1.9 ಲಕ್ಷ ಕೋಟಿ ಡಾಲರ್ ಪ್ಯಾಕೇಜ್‌ಗೆ ಮತ್ತೆ ರಿಪಬ್ಲಿಕನ್ ಸೊನ್ನೆ, ಸೆನೆಟ್‌ನಲ್ಲಿ 50–49. ಸಾಲದ ಹೊರೆಯ ಬಗ್ಗೆ ಇವತ್ತು ಕಣ್ಣೀರು ಹಾಕುವವರು ತಮ್ಮವರು ಅಧ್ಯಕ್ಷರಾಗಿದ್ದಾಗ ಯಾವ ಗುಂಡಿ ಒತ್ತಿದ್ದರು ಅಂತ ಒಮ್ಮೆ ನೋಡಿ ಬನ್ನಿ.

ಭಾವನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಕ್ಕನೂ ಕೆಲಸಕ್ಕೆ ಹೋಗುತ್ತಿದ್ದಳು. ಇಬ್ಬರ ಕಂಪನಿಗಳೂ ಬೇರೆಬೇರೆಯಾಗಿ ತೆರಿಗೆ ಹಿಡಿಯುವುದನ್ನು ಇಳಿಸಿದ್ದವು. ಹೀಗೆ ಇಬ್ಬರೂ ದುಡಿಯುವ ಕೆಲವು ಮನೆಗಳಿಗೆ ಸಿಗಬೇಕಾದದ್ದಕ್ಕಿಂತ ಜಾಸ್ತಿ ಬಂದುಬಿಟ್ಟಿತ್ತು. 2010ರಲ್ಲಿ ರಿಟರ್ನ್ ಹಾಕುವಾಗ ಶೆಡ್ಯೂಲ್ ಎಂ ಅನ್ನುವ ಹೊಸ ಹಾಳೆ ತುಂಬಬೇಕಿತ್ತು. ತುಂಬಿ ನೋಡಿದರೆ ರೀಫಂಡ್ ಪ್ರತಿ ವರ್ಷಕ್ಕಿಂತ ಕಡಿಮೆ. "ನೋಡಿದ್ಯಾ, ಸುಮ್ನೆ ಹೇಳಿದ್ನಾ? ತೆರಿಗೆ ಜಾಸ್ತಿ ಮಾಡಿದ್ದಾರೆ" ಅಂತ ಭಾವ ಅವತ್ತೇ ರಾತ್ರಿ ಫೋನ್ ಮಾಡಿದರು.